ಯಾವೂರು?

ಸರ್ಜಾಪುರದಲ್ಲಿ ಟೀ ಅಂಗಡಿ ಮುಂದೆ ನಿಂತರೆ ಯಾರಾದ್ರೂ ಕೇಳೇ ಕೇಳ್ತಾರೆ, "ನಿಮ್ದು ಯಾವೂರು ಸಾರ್?" ಪಕ್ಕದಲ್ಲೇ ತೆಲುಗಿನವರು "ಏ ಊರು?" ಅಂತಾರೆ, ಹೊಸೂರು ಕಡೆಯ ತಮಿಳಿನವರು "ಎಂದ ಊರು?" ಅಂತಾರೆ. ಮೂರೂ ಒಂದೇ ಪ್ರಶ್ನೆ, ಒಂದೇ ಪದ.

ಮೊನ್ನೆ ವಾಟ್ಸಾಪಿನಲ್ಲಿ ಒಂದು ಮೆಸೇಜ್ ಬಂತು. ಇರಾಕಿನ ಪ್ರಾಚೀನ 'ಉರ್' ನಗರ ನಮ್ಮ 'ಊರು' ಅಂತೆ, ಜೆರುಸಲೇಮ್ ಕೂಡ ಊರೇ ಅಂತೆ! ಓದಿ ಎದೆ ಉಬ್ಬಿತು. ಆಮೇಲೆ ಕೂತು ಹುಡುಕಿದೆ.

ಲಿಯೊನಾರ್ಡ್ ವೂಲಿ 1922ರಿಂದ 1934ರವರೆಗೆ ಅಗೆದು ತೆಗೆದ ನಗರ ಉರ್. ಸುಮೇರಿಯನ್ ಭಾಷೆಯಲ್ಲಿ ಪಟ್ಟಣಕ್ಕೆ 'ಉರು' ಅನ್ನೋ ಪದ ನಿಜಕ್ಕೂ ಇದೆ. ಆದ್ರೆ ಉರ್ ನಗರವನ್ನು ಸುಮೇರಿಯನ್ನರು ಕರೀತಿದ್ದದ್ದು 'ಉರಿಮ್' ಅಂತ, ಅದು ಬೇರೆ ಪದ. ಅವರ ಭಾಷೆಯಲ್ಲಿ ಬರೀ 'ಉರ್' ಅಂದ್ರೆ ನಾಯಿ! ಜೆರುಸಲೇಮ್ ಹೆಸರು ಕ್ರಿ.ಪೂ. 14ನೇ ಶತಮಾನದ ಮಣ್ಣಿನ ಹಲಗೆಗಳಲ್ಲಿ 'ಉರುಸಲಿಮ್' ಅಂತಿದೆ. ಅಲ್ಲಿನ 'ಉರು'ಗೆ ವಿದ್ವಾಂಸರು ಸಾಮಾನ್ಯವಾಗಿ ಹೇಳೋ ಅರ್ಥ 'ಅಡಿಪಾಯ'.

ಇನ್ನೂ ಇದೆ. ಬಾಸ್ಕ್ ಭಾಷೆಯಲ್ಲಿ 'ಉರ್' ಅಂದ್ರೆ ನೀರು. ಹಂಗೇರಿಯನ್ನಿನಲ್ಲಿ 'ಊರ್' ಅಂದ್ರೆ ಯಜಮಾನ. ಜರ್ಮನ್ನಿನಲ್ಲಿ 'ಊರ್' ಅಂದ್ರೆ ಗಡಿಯಾರ. ಅದನ್ನೇ ಬೇರೆ ಸ್ಪೆಲ್ಲಿಂಗಿನಲ್ಲಿ ಪದದ ಹಿಂದೆ ಸೇರಿಸಿದ್ರೆ 'ಮೂಲದ' ಅನ್ನೋ ಅರ್ಥ. ಸಂಸ್ಕೃತದ 'ಊರು' ಅಂದ್ರೆ ತೊಡೆ. ಭಾಸನ 'ಊರುಭಂಗ'ದಲ್ಲಿ ಮುರಿದದ್ದು ದುರ್ಯೋಧನನ ತೊಡೆ, ಹಸ್ತಿನಾಪುರ ಅಲ್ಲ!

ಇಷ್ಟು ಚಿಕ್ಕ ಪದ ಹತ್ತು ಭಾಷೆಯಲ್ಲಿ ಸಿಕ್ಕೋದು ಆಶ್ಚರ್ಯ ಅಲ್ಲ. ಹಾಗಾದ್ರೆ ಕನ್ನಡ, ತಮಿಳು, ತೆಲುಗಿನ 'ಊರು' ಒಂದೇ ಅಂತ ಹೇಗೆ ಗೊತ್ತು? ಒಂದು ಪದದಿಂದ ಅಲ್ಲ. ತಮಿಳಿನ ಪಾಲ್ ನಮ್ಮ ಹಾಲು, ಪುಲಿ ನಮ್ಮ ಹುಲಿ, ಪಲ್ ನಮ್ಮ ಹಲ್ಲು. ಹೀಗೆ ನಿಯಮದ ಪ್ರಕಾರ ಹೊಂದೋ ಪದಗಳು ರಾಶಿ ರಾಶಿ ಇವೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಘಂಟಿನ (1961, ಎರಡನೇ ಆವೃತ್ತಿ 1984) ತುಂಬ ಇಂಥವೇ. ಸುಮೇರಿಯನ್ ಜೊತೆ ಅಂಥ ನಿಯಮ ಯಾರೂ ತೋರಿಸಿಲ್ಲ.

ತಮಾಷೆ ನೋಡಿ, ನಿಜವಾದ ದೂರದ ನೆಂಟ ಇರೋದು ಸರ್ಜಾಪುರದ ಬಾಲದಲ್ಲಿ. 'ಪುರ'ದ ಮೂಲವಾದ 'ಪುರ್' ಅಂದ್ರೆ ಕೋಟೆ. ಗ್ರೀಕಿನ 'ಪೋಲಿಸ್' (ನಗರ), ಲಿಥುವೇನಿಯದ 'ಪಿಲಿಸ್' (ಕೋಟೆ) ಅದರ ಬಳಗ. ಒಂದೇ ಥರ ಕೇಳಿಸೋ ಉರು-ಊರು ನೆಂಟರಲ್ಲ, ಕೇಳಿಸದ ಪುರ-ಪೋಲಿಸ್ ನೆಂಟರು!

ಕನ್ನಡದೊಳಗೂ ಒಂದು ಬಲೆ ಇದೆ. ಜನ ಕಾಲೂರಿದ ಜಾಗವೇ ಊರು ಅಂತ ನಾನೂ ನಂಬಿದ್ದೆ. ಆದ್ರೆ ಹಳಗನ್ನಡದಲ್ಲಿ ಜಾಗ 'ಊರ್', ನೆಡೋದು 'ಊಱು'. ಆ ಱ ಅಕ್ಷರ ಬಳಕೆ ತಪ್ಪಿ ಎರಡೂ ಒಂದಾದವು ಅಷ್ಟೆ.

ಊರಿನ ಹೆಮ್ಮೆಗೆ ಇರಾಕಿಗೆ ಹೋಗಬೇಕಿಲ್ಲ, ಬೇಗೂರಿಗೆ ಹೋದ್ರೆ ಸಾಕು. ಅಲ್ಲಿನ ನಾಗೇಶ್ವರ ದೇವಸ್ಥಾನದ ಒಂಬತ್ತನೇ ಶತಮಾನದ ಕೊನೆಯ ವೀರಗಲ್ಲು 'ಬೆಂಗಳೂರು ಕಾಳಗ'ದಲ್ಲಿ ಸತ್ತವನನ್ನು ನೆನೆಯುತ್ತೆ. ಅಂದ್ರೆ ವೀರಬಲ್ಲಾಳನಿಗೆ ಅಜ್ಜಿ ಬೆಂದಕಾಳು ಕೊಟ್ಟ ಕಥೆಯ ಕಾಲಕ್ಕಿಂತ ಸುಮಾರು ಮುನ್ನೂರು ವರ್ಷ ಮೊದಲೇ ಆ ಹೆಸರಿತ್ತು. ನಾಡಿನ ವೀರಗಲ್ಲುಗಳಲ್ಲಿ 'ಊರಳಿವು' ಅಂತ ಒಂದು ಪದ ಬರುತ್ತೆ: ಊರಿನ ಮೇಲೆ ದಾಳಿಯಾದಾಗ ಅಡ್ಡ ನಿಂತು ಸತ್ತವರ ಲೆಕ್ಕ ಅದು.

ನಾನು ಇಲ್ಲಿ ಬಾಡಿಗೆ ಕಟ್ಟೋಕೆ ಶುರು ಮಾಡಿ ನಾಲ್ಕು ವರ್ಷ ಆಯ್ತು. ಹಬ್ಬ ಬಂದ್ರೆ ಈಗಲೂ "ಊರಿಗೆ ಹೋಗ್ತೀನಿ" ಅಂತಲೇ ಹೇಳೋದು. ಟೀ ಅಂಗಡಿಯವರು ಮತ್ತೆ ಕೇಳಿದ್ರೆ ಏನು ಹೇಳ್ಬೇಕೋ ಇನ್ನೂ ಗೊತ್ತಾಗಿಲ್ಲ.

ಅಂದ ಹಾಗೆ, ನಿಮ್ದು ಯಾವೂರು?