ಓದಿ ಹರಿದುಹಾಕುವ ಓಲೆ

ಸಾವಿನ ಸುದ್ದಿ ಹೊತ್ತು ಬಂದ ಕಾರ್ಡನ್ನು ಹಿಂದೆ ಊರಲ್ಲಿ ಓದಿದ ಕೂಡಲೇ ಹರಿದುಹಾಕುತ್ತಿದ್ದರು. ಜೀವಕೋಶ ತನಗೆ ಬಂದ ಓಲೆಗಳನ್ನೆಲ್ಲ, ಒಳ್ಳೆಯ ಸುದ್ದಿಯದಾದರೂ, ಒಂದಲ್ಲ ಒಂದು ಹೊತ್ತಿಗೆ ಹರಿದೇ ಹರಿಯುತ್ತದೆ. ಡಿಎನ್‌ಎ ಪೆಟ್ಟಿಗೆಯಲ್ಲಿ ಭದ್ರವಾಗಿರುವ ಮೂಲಪ್ರತಿ. ಬೇಕಾದ ಭಾಗವನ್ನಷ್ಟೇ ನಕಲು ಮಾಡಿ ಹೊರಗೆ ಕಳಿಸುವ ಚೀಟಿ ಎಂಆರ್‌ಎನ್‌ಎ. ಅದನ್ನು ಓದಿ ಪ್ರೋಟೀನ್ ಕಟ್ಟುವುದು ರೈಬೋಸೋಮ್.

ಬ್ಯಾಕ್ಟೀರಿಯಾದಲ್ಲಿ ಈ ಚೀಟಿಯ ಆಯುಸ್ಸು ಕೆಲವೇ ನಿಮಿಷ. ಹಾಗಾಗಿಯೇ ಅದು ಬಹುಕಾಲ ಕೈಗೆ ಸಿಗಲಿಲ್ಲ. ಸಿಡ್ನಿ ಬ್ರೆನ್ನರ್, ಫ್ರಾನ್ಸ್ವಾ ಜಾಕೋಬ್, ಮ್ಯಾಥ್ಯೂ ಮೆಸೆಲ್ಸನ್ 1960ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಹಿಡಿದರು. 1961ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅವರ ಲೇಖನದ ಶೀರ್ಷಿಕೆಯಲ್ಲೇ ‘ಅಸ್ಥಿರ’ ಎಂಬ ಮಾತಿದೆ. ಆಮೇಲೂ ಹೆಚ್ಚಿನವರ ಕುತೂಹಲವೆಲ್ಲ ಓಲೆ ಬರೆಯುವ ಬಗೆಯ ಮೇಲೆ. ಹರಿಯುವುದೆಂದರೆ ಕಸ ಗುಡಿಸುವ ಕೆಲಸ, ಅದರಲ್ಲಿ ನೋಡುವುದೇನಿದೆ?

ನೋಡಿದವರಲ್ಲಿ ಒಬ್ಬರು ಲಿನ್ ಮಾಕ್ವಾಟ್. ಪಿಎಚ್‌ಡಿ ಮುಗಿಸಿ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೆಫ್ರಿ ರಾಸ್ ಅವರ ಪ್ರಯೋಗಾಲಯದಲ್ಲಿ ಪೋಸ್ಟ್‌ಡಾಕ್ ಆಗಿದ್ದರು. ಅವರ ಮುಂದಿದ್ದದ್ದು ಥಲಸ್ಸೀಮಿಯಾ ರೋಗಿಗಳ ಮೂಳೆಮಜ್ಜೆ. ಮುಂಬೈ, ಪುಣೆಗಳಲ್ಲಿ ಸಿಂಧಿ ನೆರೆಹೊರೆಯವರಿರುವ ನಮಗೆ ಈ ರೋಗದ ಹೆಸರು ಹೊಸದಲ್ಲ. ಹಿಮೋಗ್ಲೋಬಿನ್ನಿಗೆ ಬೇಕಾದ ಬೀಟಾ ಗ್ಲೋಬಿನ್ ಇಲ್ಲದ ಮಗು ಬದುಕಿರುವಷ್ಟು ಕಾಲ ಬೇರೆಯವರ ರಕ್ತ ಪಡೆಯುತ್ತಲೇ ಇರಬೇಕು.

ಕೆಂಪು ರಕ್ತಕಣ ಬಲಿಯುವಾಗ ತನ್ನ ನ್ಯೂಕ್ಲಿಯಸ್ಸನ್ನೇ ಹೊರಹಾಕುತ್ತದೆ. ಆಮೇಲೆ ಹೊಸ ಓಲೆ ಬರುವಂತಿಲ್ಲ. ಅದಕ್ಕೇ ಗ್ಲೋಬಿನ್ನಿನ ಓಲೆ ಬಲು ಗಟ್ಟಿ. ಆದರೆ ಈ ರೋಗಿಗಳಲ್ಲಿ ಓಲೆ ತಯಾರಾಗುತ್ತಿತ್ತು, ಬೇಗನೆ ಮಾಯವಾಗುತ್ತಿತ್ತು. 1981ರಲ್ಲಿ ಇದು ಪ್ರಕಟವಾಯಿತು. ಅದಕ್ಕೆ ಎರಡು ವರ್ಷ ಮೊದಲೇ ಲೊಸಾನ್ ಮತ್ತು ಲಾಕ್ರೂಟ್ ಯೀಸ್ಟ್‌ನಲ್ಲಿ ಇಂಥದ್ದನ್ನೇ ಕಂಡಿದ್ದರು: ವಾಕ್ಯದ ನಡುವೆ ತಪ್ಪಿ ಪೂರ್ಣವಿರಾಮ ಬಿದ್ದ ಓಲೆ ಬೇಗ ನಾಶವಾಗುತ್ತದೆ. ಎಲ್ಲಿ ಯೀಸ್ಟ್, ಎಲ್ಲಿ ಮನುಷ್ಯ! ಇದಕ್ಕೆ ನಾನ್‌ಸೆನ್ಸ್ ಮೀಡಿಯೇಟೆಡ್ ಡಿಕೇ ಎಂಬ ಹೆಸರು ಬಂತು.

ತಪ್ಪು ಪೂರ್ಣವಿರಾಮವನ್ನು ಕೋಶ ಗುರುತಿಸುವುದು ಹೇಗೆ? ಮನುಷ್ಯರಲ್ಲಿ ಓಲೆಯನ್ನು ತುಂಡು ತುಂಡಾಗಿ ಜೋಡಿಸುವಾಗ ಪ್ರತಿ ಹೊಲಿಗೆಯ ಬಳಿಯೂ ಪ್ರೋಟೀನುಗಳ ಒಂದು ಗುರುತು ಉಳಿಯುತ್ತದೆ. ಮೊದಲ ಸಲ ಓದುವ ರೈಬೋಸೋಮ್ ಆ ಗುರುತುಗಳನ್ನು ಕಿತ್ತುಹಾಕುತ್ತ ಸಾಗುತ್ತದೆ. ಅದು ನಡುವೆಯೇ ನಿಂತು, ಮುಂದೆ ಇನ್ನೂ ಗುರುತು ಉಳಿದಿದ್ದರೆ ಓಲೆ ಹರಿಯಲು ಆಜ್ಞೆಯಾಗುತ್ತದೆ. 2000ದ ಸುಮಾರಿಗೆ ಈ ಚಿತ್ರ ಸ್ಪಷ್ಟವಾಯಿತು. 2021ರ ವುಲ್ಫ್ ಪ್ರಶಸ್ತಿಯನ್ನು ಮಾಕ್ವಾಟ್ ಮತ್ತಿಬ್ಬರೊಡನೆ ಹಂಚಿಕೊಂಡರು.

ಹರಿಯುವುದರಿಂದ ಮಗುವಿಗೇನು ಲಾಭ, ಪ್ರೋಟೀನಂತೂ ಇಲ್ಲವಲ್ಲ ಎನ್ನಬಹುದು. ಉತ್ತರ ಥಲಸ್ಸೀಮಿಯಾದ ಇನ್ನೊಂದು ಬಗೆಯಲ್ಲಿದೆ. ತಪ್ಪು ಪೂರ್ಣವಿರಾಮ ಕೊನೆಯ ತುಂಡಿನಲ್ಲಿ ಬಿದ್ದರೆ ಮುಂದೆ ಯಾವ ಗುರುತೂ ಇರುವುದಿಲ್ಲ. ಓಲೆ ಉಳಿದುಕೊಳ್ಳುತ್ತದೆ, ಮೊಟಕು ಗ್ಲೋಬಿನ್ ತಯಾರಾಗಿ ಕೋಶದೊಳಗೆ ಗಡ್ಡೆಕಟ್ಟುತ್ತದೆ. ಸಾಮಾನ್ಯವಾಗಿ ತಂದೆತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಮಗು ನರಳುತ್ತದೆ. ಇಲ್ಲಿ ಒಬ್ಬರಿಂದ ಬಂದರೂ ಸಾಕು.