ಚಿತ್ರ ಮತ್ತು ಪುಟ: ಸಚಿತ್ರ ಗ್ರಂಥವಿನ್ಯಾಸದ ಮೂರು ನಿದರ್ಶನಗಳು

ಆಧುನಿಕ ಭಾರತೀಯ ಚಿತ್ರಕಲೆಯ ಚರಿತ್ರೆಯಲ್ಲಿ ಬಿಡಿಚಿತ್ರಗಳಿಗೆ ದೊರೆತ ಗಮನವು ಅವು ಅಚ್ಚಾದ ಪುಟಗಳಿಗೆ ದೊರೆತಿರುವುದು ಕಡಿಮೆ. ಸಚಿತ್ರ ಗ್ರಂಥದಲ್ಲಿ ಚಿತ್ರದ ಅರ್ಥವು ರೇಖೆ, ವರ್ಣಗಳಿಂದ ಮಾತ್ರವಲ್ಲದೆ ಬರಹಕ್ಕೂ ಅದಕ್ಕೂ ವಿನ್ಯಾಸವು ಕಲ್ಪಿಸುವ ಸಂಬಂಧದಿಂದಲೂ ರೂಪುಗೊಳ್ಳುತ್ತದೆ. ಮೈಸೂರಿನ ಕಲಾವಿದ ಕೆ. ವೆಂಕಟಪ್ಪನವರು ಪಾಲ್ಗೊಂಡ ಎರಡು ಗ್ರಂಥಗಳನ್ನೂ ಅವರ ಸಹಪಾಠಿ ನಂದಲಾಲ್ ಬೋಸರ ಮುಂದಿನ ಒಂದು ಕೃತಿಯನ್ನೂ ಆಧರಿಸಿ ಈ ಮಾತನ್ನು ಪರಿಶೀಲಿಸಬಹುದು.

ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1909ರಲ್ಲಿ ಕಲ್ಕತ್ತೆಗೆ ತೆರಳಿದ ವೆಂಕಟಪ್ಪನವರು ಅವನೀಂದ್ರನಾಥ ಠಾಕೂರರ ಶಿಷ್ಯರಾದರು. 1911ರಲ್ಲಿ ನಿಧನರಾದ ಸೋದರಿ ನಿವೇದಿತಾ ಅಪೂರ್ಣವಾಗಿ ಬಿಟ್ಟಿದ್ದ ‘ಮಿಥ್ಸ್ ಆಫ್ ದಿ ಹಿಂದೂಸ್ ಅಂಡ್ ಬುದ್ಧಿಸ್ಟ್ಸ್’ ಗ್ರಂಥವನ್ನು ಆನಂದ ಕುಮಾರಸ್ವಾಮಿಯವರು ಪೂರ್ಣಗೊಳಿಸಿದರು. ಅದು 1913ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅವನೀಂದ್ರನಾಥರ ಮೇಲ್ವಿಚಾರಣೆಯಲ್ಲಿ ಸಿದ್ಧವಾದ 32 ವರ್ಣಚಿತ್ರಗಳು ಅದರಲ್ಲಿದ್ದು, ರಾಮಾಯಣ ಭಾಗದ ಹಲವು ವೆಂಕಟಪ್ಪನವರವು. ಜಲವರ್ಣದ ತೆಳುಛಾಯೆಗಳನ್ನು ಸೂಕ್ಷ್ಮ ಬಿಂದುಗಳಾಗಿ ಒಡೆದು ಮುದ್ರಿಸುವ ಅಂದಿನ ಕ್ರಮಕ್ಕೆ ನಯವಾದ ಕಾಗದ ಬೇಕಿತ್ತು. ಆದ್ದರಿಂದ ಚಿತ್ರಗಳು ಬರಹದಿಂದ ಬೇರೆಯಾದ ಹಾಳೆಗಳಲ್ಲಿ ಬಂದವು. ಓದುಗನು ಕಥೆಯನ್ನು ಅರೆಕ್ಷಣ ನಿಲ್ಲಿಸಿ, ಗೋಡೆಗೆ ತೂಗುಹಾಕಿದ ಕೃತಿಯೊಂದನ್ನು ನೋಡುವಂತೆ ಅವನ್ನು ನೋಡಬೇಕು. ಹೊಸ ಪಂಥದ ಚಿತ್ರಕಾರರನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಲು ಈ ವಿನ್ಯಾಸ ಅನುಕೂಲವೇ ಆಯಿತು. ಆದರೆ ಚಿತ್ರವು ಕಥೆಗೆ ಅತಿಥಿಯಾಗಿಯೇ ಉಳಿಯಿತು.

ಮರುವರ್ಷ, 1914ರಲ್ಲಿ, ಪ್ರಕಟವಾದ ಅವನೀಂದ್ರನಾಥರ ‘ಸಮ್ ನೋಟ್ಸ್ ಆನ್ ಇಂಡಿಯನ್ ಆರ್ಟಿಸ್ಟಿಕ್ ಅನಾಟಮಿ’ ಎಂಬ ಕಿರುಹೊತ್ತಗೆಯ ಸ್ವರೂಪ ಬೇರೆ. ಇದರ ರೇಖಾಚಿತ್ರಗಳನ್ನು ಬರೆದವರು ನಂದಲಾಲ್ ಮತ್ತು ವೆಂಕಟಪ್ಪ. ಭಾರತೀಯ ಮೂರ್ತಿಯ ಅಂಗಾಂಗಗಳು ಶರೀರಶಾಸ್ತ್ರದ ಅಳತೆಯನ್ನಲ್ಲ, ಉಪಮಾನವನ್ನು ಅನುಸರಿಸುತ್ತವೆ ಎಂಬುದು ಲೇಖಕರ ವಾದ. ಮುಂಡಕ್ಕೆ ಗೋಮುಖ, ನಡುವಿಗೆ ಡಮರು, ಕಣ್ಣಿಗೆ ಮೀನು, ಕೊರಳಿಗೆ ಶಂಖ. ಅಂಗವನ್ನೂ ಉಪಮಾನವನ್ನೂ ಒಟ್ಟಿಗೆ ಬರೆದುತೋರಿಸಿದ್ದರಿಂದ ಓದುಗನ ಕಣ್ಣೇ ಹೋಲಿಕೆಯನ್ನು ಸಾಧಿಸುತ್ತದೆ. ಇಲ್ಲಿ ಛಾಯೆಯಿಲ್ಲ, ಹಿನ್ನೆಲೆಯಿಲ್ಲ. ಪ್ರಮೇಯಕ್ಕೆ ಬೇಕಾದಷ್ಟೇ ರೇಖೆ. ಚಿತ್ರಗಳನ್ನು ತೆಗೆದರೆ ವಾದವೇ ಕುಸಿಯುತ್ತದೆ.

ಈ ಮಿತವ್ಯಯವು 1930ರ ‘ಸಹಜ ಪಾಠ’ದಲ್ಲಿ ಇನ್ನಷ್ಟು ಮುಂದುವರಿಯಿತು. ರವೀಂದ್ರನಾಥ ಠಾಕೂರರ ಈ ಬಂಗಾಳಿ ಬಾಲಬೋಧೆಗೆ ನಂದಲಾಲರು ಲಿನೋಲಿಯಮ್ ಹಾಳೆಯನ್ನು ಕೊರೆದು ಚಿತ್ರ ರಚಿಸಿದರು. ಮೊಳೆಯಂತೆ ಲಿನೋ ಅಚ್ಚಿನಲ್ಲೂ ಮಸಿ ಹಿಡಿಯುವುದು ಉಬ್ಬಿದ ಭಾಗವೇ. ಹೀಗಾಗಿ ಅಕ್ಷರದ ಕಪ್ಪಿಗೂ ಚಿತ್ರದ ಕಪ್ಪಿಗೂ ಸಾಮರಸ್ಯ ಒದಗುತ್ತದೆ. ಅಕ್ಷರವನ್ನೇ ಒಂದು ಆಕಾರವಾಗಿ ಮೊದಲ ಬಾರಿ ಕಾಣುವ ಮಗುವಿಗೆ ಈ ಸಾಮರಸ್ಯವು ಅಲಂಕಾರವಲ್ಲ, ಬೋಧನೆಯ ಭಾಗ.

ಈ ಮೂರು ಗ್ರಂಥಗಳು ಸಂಶೋಧಕರಿಗೂ ಗ್ರಂಥಾಲಯಗಳಿಗೂ ಒಂದು ಹೊಣೆಯನ್ನು ನೆನಪಿಸುತ್ತವೆ. ಮರುಹೊಲಿಗೆಯಲ್ಲಿ ಅಂಚು ಕತ್ತರಿಸಿದರೆ, ವರ್ಣಪುಟಗಳನ್ನು ಬೇರ್ಪಡಿಸಿದರೆ, ಗಣಕೀಕರಣದಲ್ಲಿ ಬರಹವನ್ನಷ್ಟೇ ಉಳಿಸಿಕೊಂಡರೆ ನಷ್ಟವಾಗುವುದು ಅಂದವಷ್ಟೇ ಅಲ್ಲ, ಸಾಕ್ಷ್ಯ. ಸೂಚಿಪತ್ರದಲ್ಲಿ ‘ಸಚಿತ್ರ’ ಎಂಬ ಒಂದೇ ಪದ ಬರೆದು ಸುಮ್ಮನಾದರೆ ವೆಂಕಟಪ್ಪನವರಂಥ ಕಲಾವಿದರ ಗ್ರಂಥಕಾರ್ಯ ಅವರ ಚರಿತ್ರೆಯಿಂದಲೇ ಜಾರಿಹೋಗುತ್ತದೆ. ಚಿತ್ರಕಾರನ ಹೆಸರು, ಮುದ್ರಣಕ್ರಮ, ಚಿತ್ರದ ಸ್ಥಾನ ಈ ಮೂರನ್ನೂ ದಾಖಲಿಸುವುದು ಆ ಚರಿತ್ರೆಯನ್ನು ಪೂರ್ಣಗೊಳಿಸುವ ಮೊದಲ ಹೆಜ್ಜೆ.