ಕಾರ್ಡು ಇದೆ, ಹಾಸಿಗೆ ಇಲ್ಲ



ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಕೇಂದ್ರ ಸರಕಾರದ ನೌಕರಿಯಿಂದ ನಿವೃತ್ತರಾದ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಧಾರವಾಡದಿಂದಲೋ ಉಡುಪಿಯಿಂದಲೋ ಪರೀಕ್ಷೆ ಪಾಸು ಮಾಡಿ, ಒಂದು ಟ್ರಂಕು ಹಿಡಿದು ಮುಂಬಯಿಗೋ ದಿಲ್ಲಿಗೋ ಬಂದು, ಇಲ್ಲೇ ಸಂಸಾರ ಹೂಡಿದವರು. ಅವರ ಪರ್ಸಿನಲ್ಲಿ ಮಕ್ಕಳ ಫೋಟೋ ಇಲ್ಲದಿದ್ದರೂ ಪ್ಲಾಸ್ಟಿಕ್ಕಿನ ಒಂದು ಕಾರ್ಡು ಮಾತ್ರ ತಪ್ಪದೆ ಇರುತ್ತದೆ. ಅದು ಕೇಂದ್ರ ಸರಕಾರಿ ಆರೋಗ್ಯ ಯೋಜನೆಯ, ಅಂದರೆ ನಾವೆಲ್ಲ ಬಾಯಲ್ಲಿ ಹೇಳುವ ಸಿಜಿಎಚ್‌ಎಸ್‌ನ ಕಾರ್ಡು.

ನಮ್ಮ ಸೊಸೈಟಿಯಲ್ಲೂ ಅಂಥ ಒಬ್ಬ ಹಿರಿಯರಿದ್ದಾರೆ. ನಮಗೆಲ್ಲ ಅವರು ಮಾಮಾ. ಕೆಲವು ವರ್ಷಗಳ ಹಿಂದೆ ಅವರನ್ನು ಶಸ್ತ್ರಚಿಕಿತ್ಸೆಗೆಂದು ಪಟ್ಟಿಯಲ್ಲಿದ್ದ ಆಸ್ಪತ್ರೆಗೇ ಕರೆದುಕೊಂಡು ಹೋಗಿದ್ದೆವು. ಕೌಂಟರಿನಲ್ಲಿದ್ದ ಹುಡುಗಿ ಕಾರ್ಡನ್ನು ತಿರುಗಿಸಿ ನೋಡಿ, "ಈ ಕಾರ್ಡಿಗೆ ಹಾಸಿಗೆ ಖಾಲಿ ಇಲ್ಲ ಸರ್. ನಗದು ಕಟ್ಟುವುದಾದರೆ ಈಗಲೇ ಕೊಡಬಹುದು" ಎಂದಳು. ಮಾಮಾ ಏನೂ ಮಾತಾಡಲಿಲ್ಲ. ಕಾರ್ಡನ್ನು ಪರ್ಸಿನೊಳಗೆ ಇಟ್ಟುಕೊಂಡರು. ಒಂದೇ ಆಸ್ಪತ್ರೆಯಲ್ಲಿ ಒಬ್ಬರಿಗೆ ಹಾಸಿಗೆ ಇದ್ದು ಇನ್ನೊಬ್ಬರಿಗೆ ಇಲ್ಲವಾಗುವುದು ಹೇಗೆ? ಉತ್ತರ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು, ಬನ್ನಿ.

ಸ್ವಾತಂತ್ರ್ಯಕ್ಕೂ ಮುಂಚೆ, 1944ರಲ್ಲಿ, ಕೇಂದ್ರದ ನೌಕರರಿಗೆ ವೈದ್ಯಕೀಯ ನಿಯಮಾವಳಿಯೊಂದು ಬಂತು. ಖರ್ಚು ಮಾಡಿ, ಬಿಲ್ಲು ಕೊಟ್ಟು, ಹಣ ವಾಪಸು ಪಡೆಯುವ ಪದ್ಧತಿ ಅದು. ಈ ತಾಪತ್ರಯ ತಪ್ಪಿಸಲು 1954ರಲ್ಲಿ ದಿಲ್ಲಿಯಲ್ಲಿ ಹೊಸ ಯೋಜನೆ ಆರಂಭವಾಯಿತು. ಸಂಬಳದಲ್ಲಿ ಸಣ್ಣದೊಂದು ವಂತಿಗೆ ಮುರಿದುಕೊಳ್ಳುವುದು, ಬದಲಿಗೆ ಸರಕಾರವೇ ಔಷಧಾಲಯ ನಡೆಸುವುದು. ಮೊದಲು ಇದ್ದದ್ದು 16 ಔಷಧಾಲಯಗಳು. 1963ರಲ್ಲಿ ಯೋಜನೆ ಮುಂಬಯಿಗೆ ಬಂತು. 1970ರ ದಶಕದಲ್ಲಿ ಚೆನ್ನೈ, ಹೈದರಾಬಾದ್, ಬೆಂಗಳೂರು, ಪುಣೆಗಳನ್ನೂ ತಲುಪಿತು.

ಆ ಕಾಲದ ಒಂದು ಸಂಗತಿ ಗಮನಿಸಿ. ವೈದ್ಯರು ಸರಕಾರದ ಸಂಬಳದವರು, ಔಷಧಾಲಯ ಸರಕಾರದ್ದು, ದೊಡ್ಡ ಕಾಯಿಲೆಗೆ ಹೋಗುತ್ತಿದ್ದ ಆಸ್ಪತ್ರೆಯೂ ಬಹುಪಾಲು ಸರಕಾರದ್ದೇ. ಸಾಲಿನಲ್ಲಿ ಕಾಯಬೇಕಿತ್ತು, ಮಾತ್ರೆ ಮುಗಿದಿರುತ್ತಿತ್ತು, ಎಲ್ಲ ನಿಜ. ಆದರೆ ಈ ರೋಗಿಯಿಂದ ತನಗೆಷ್ಟು ಸಿಗುತ್ತದೆ ಎಂಬ ಲೆಕ್ಕವನ್ನು ಅಲ್ಲಿನ ವೈದ್ಯರು ಹಾಕಬೇಕಾಗಿರಲಿಲ್ಲ.

ಕಾಲ ಬದಲಾಯಿತು. 1983ರಲ್ಲಿ ಚೆನ್ನೈಯಲ್ಲಿ ಅಪೋಲೋ ಆಸ್ಪತ್ರೆ ತೆರೆಯಿತು. ಕ್ರಮೇಣ ಎಲ್ಲ ಮಹಾನಗರಗಳಲ್ಲೂ ದೊಡ್ಡ ಖಾಸಗಿ ಆಸ್ಪತ್ರೆಗಳು ಎದ್ದವು. ಹೃದಯ, ಮಂಡಿ, ಮೂತ್ರಪಿಂಡದ ಹೊಸ ಚಿಕಿತ್ಸೆಗಳು ಅಲ್ಲೇ ಹೆಚ್ಚಾಗಿ ಸಿಗತೊಡಗಿದವು. ಸರಕಾರ ಅಂಥ ಆಸ್ಪತ್ರೆಗಳ ಜೊತೆ ಒಪ್ಪಂದ ಮಾಡಿಕೊಂಡಿತು. ದರಪಟ್ಟಿಯ ಮಹತ್ವ ಬೆಳೆದದ್ದು ಇಲ್ಲಿಂದ.

ದರಪಟ್ಟಿ ಇರುವುದು ತಪ್ಪಲ್ಲ. ಅದಿಲ್ಲದಿದ್ದರೆ ಆಸ್ಪತ್ರೆ ಕೇಳಿದ್ದೇ ಬೆಲೆ. ಖರ್ಚಾಗುವುದು ನಿಮ್ಮ ನಮ್ಮ ತೆರಿಗೆ ಹಣ. ತೊಂದರೆ ಇರುವುದು, ಬರೆದ ದರವನ್ನು ವರ್ಷಗಟ್ಟಲೆ ತಿದ್ದದೆ ಬಿಡುವುದರಲ್ಲಿ. ತಜ್ಞ ವೈದ್ಯರ ಹೊರರೋಗಿ ಸಂದರ್ಶನಕ್ಕೆ ಈ ಯೋಜನೆ ಕೊಡುತ್ತಿದ್ದ ಹಣ 2023ರ ಏಪ್ರಿಲ್ ತನಕ ಎಷ್ಟು ಗೊತ್ತೇ? 150 ರೂಪಾಯಿ! ಮಾಟುಂಗಾದಲ್ಲಿ ಇಬ್ಬರು ಕೂತು ಮಸಾಲೆದೋಸೆ ತಿಂದು ಕಾಫಿ ಕುಡಿದರೆ ಅದಕ್ಕಿಂತ ಹೆಚ್ಚು ಬಿಲ್ಲಾಗುತ್ತಿತ್ತು. ಆ ಏಪ್ರಿಲ್‌ನಲ್ಲಿ ಅದನ್ನು 350ಕ್ಕೆ ಏರಿಸಿದರು. ಸಾಮಾನ್ಯ ವಾರ್ಡಿನ ದಿನದ ಬಾಡಿಗೆ 1,000ದಿಂದ 1,500 ಆಯಿತು. ಶಸ್ತ್ರಚಿಕಿತ್ಸೆಗಳ ಪಟ್ಟಿಯದಂತೂ ಇನ್ನೂ ನಿಧಾನ. 2014ರ ನಂತರ ಅದರ ಸಮಗ್ರ ಪರಿಷ್ಕರಣೆ ಆದದ್ದು 2025ರಲ್ಲಿ. ಸುಮಾರು 2,000 ಚಿಕಿತ್ಸೆಗಳ ಹೊಸ ದರ ಆ ವರ್ಷದ ಅಕ್ಟೋಬರ್ 13ರಿಂದ ಜಾರಿಗೆ ಬಂತು. ನಡುವೆ ಹನ್ನೊಂದು ವರ್ಷ! ಅಷ್ಟರಲ್ಲಿ ನರ್ಸುಗಳ ಸಂಬಳ, ಕರೆಂಟಿನ ದರ, ಹತ್ತಿಯ ಬೆಲೆ ಯಾವುದಾದರೂ ನಿಂತಲ್ಲೇ ನಿಂತಿತ್ತೇ?

ಮುದುಕರಿಗೆ ಇದರ ಬಿಸಿ ಹೆಚ್ಚು ತಟ್ಟುವುದಕ್ಕೆ ಇನ್ನೂ ಒಂದು ಕಾರಣವಿದೆ. ಶಸ್ತ್ರಚಿಕಿತ್ಸೆಗೆ ಸರಕಾರ ಕೊಡುವುದು ಪ್ಯಾಕೇಜ್ ದರ. ಕೋಣೆ, ವೈದ್ಯರ ಫೀಸು, ಅರಿವಳಿಕೆ, ಔಷಧಿ ಎಲ್ಲ ಅದರೊಳಗೇ. ದಿನಗಳಿಗೂ ಲೆಕ್ಕವಿದೆ. ವಿಶೇಷ ಚಿಕಿತ್ಸೆಗೆ 12 ದಿನ, ಇತರ ದೊಡ್ಡ ಶಸ್ತ್ರಚಿಕಿತ್ಸೆಗೆ 7, ಲ್ಯಾಪ್ರೋಸ್ಕೋಪಿಗೆ 3 ಎಂಬ ಕ್ರಮ ಬಂದಿದೆ. ನಲವತ್ತೈದರ ಗಟ್ಟಿಮುಟ್ಟಾದ ಗುಮಾಸ್ತ ಮೂರನೆಯ ದಿನ ಎದ್ದು ಮನೆಗೆ ಹೋಗುತ್ತಾನೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇರುವ ಎಂಬತ್ತರ ಅಜ್ಜನ ಗಾಯ ಅಷ್ಟು ಬೇಗ ಮಾಗುವುದಿಲ್ಲ. ಇಬ್ಬರಿಗೂ ಪ್ಯಾಕೇಜು ಒಂದೇ. ಹೆಚ್ಚಿನ ದಿನಗಳಿಗೆ ಆಸ್ಪತ್ರೆ ಬೇರೆ ಕಾರಣ ಬರೆದು, ಬಿಲ್ಲು ಕಳಿಸಿ, ಮಂಜೂರಾತಿಗೆ ಕಾಯಬೇಕು. ಅಂದಮೇಲೆ ಯಾರಿಗೆ ಹಾಸಿಗೆ "ಖಾಲಿ ಇಲ್ಲ" ಎನ್ನುತ್ತಾರೆ, ನೀವೇ ಊಹಿಸಿ.

ವೈದ್ಯರ ಕಷ್ಟವನ್ನೂ ಕೇಳಬೇಕು. ದೊಡ್ಡ ಆಸ್ಪತ್ರೆ ಇಲ್ಲಿನ ನಷ್ಟವನ್ನು ಅಲ್ಲಿ ತುಂಬಿಕೊಳ್ಳುತ್ತದೆ. ಬಡಾವಣೆಯ ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮಿಗೆ ಆ ಅನುಕೂಲವಿಲ್ಲ. ದರ ಕಡಿಮೆ, ಅದೂ ತಡವಾಗಿ ಬರುತ್ತದೆ ಎಂದಾದರೆ ಒಪ್ಪಂದದಿಂದ ಮೊದಲು ಹೊರಬೀಳುವುದು ಅಂಥವರೇ. ಆಗ ಮನೆ ಹತ್ತಿರದ, ಮೈ ಪರಿಚಯವಿರುವ ಡಾಕ್ಟರು ತಪ್ಪಿಹೋಗುತ್ತಾರೆ. ಎಂಬತ್ತರ ಮಾಮಾ ಎರಡು ಲೋಕಲ್ ಬದಲಿಸಿ ಊರಾಚೆಯ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

ಇದು ನಮ್ಮ ದೇಶದ ಕಥೆ ಮಾತ್ರವೇ ಅಲ್ಲ. ಮಕ್ಕಳು ಅಮೆರಿಕದಲ್ಲಿರುವವರು ಮೆಡಿಕೇರ್ ಹೆಸರು ಕೇಳಿರುತ್ತೀರಿ. 65 ದಾಟಿದವರಿಗಾಗಿ 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ವಿಮೆ ಅದು. ಮೊದಮೊದಲು ವೈದ್ಯರಿಗೆ ವಾಡಿಕೆಯ ಶುಲ್ಕವನ್ನು ಆಧರಿಸಿ ಹಣ ಕೊಡುತ್ತಿದ್ದರು. ವೆಚ್ಚ ಕೈಮೀರಿತು. 1992ರಿಂದ ನಿಗದಿತ ದರಪಟ್ಟಿ ಬಂತು. 1997ರ ಕಾನೂನು ಆ ದರವನ್ನು ದೇಶದ ಆರ್ಥಿಕ ಬೆಳವಣಿಗೆಯ ಸೂತ್ರಕ್ಕೆ ಕಟ್ಟಿಹಾಕಿತು. ಸೂತ್ರದ ಪ್ರಕಾರ ದರ ಇಳಿಯಬೇಕಾದಾಗಲೆಲ್ಲ ವೈದ್ಯರು, ಮೆಡಿಕೇರ್ ರೋಗಿಗಳನ್ನು ನೋಡಲಾಗುವುದಿಲ್ಲ ಎಂದು ಎಚ್ಚರಿಸುವರು. ಅಲ್ಲಿನ ಸಂಸತ್ತು ಕೊನೆಗಳಿಗೆಯಲ್ಲಿ ಕಡಿತವನ್ನು ಮುಂದೂಡುವುದು. ಹೀಗೆ ವರ್ಷ ವರ್ಷ ಎಳೆದು 2015ರಲ್ಲಿ ಸೂತ್ರವನ್ನೇ ಕೈಬಿಟ್ಟರು. ಶ್ರೀಮಂತ ದೇಶಕ್ಕೂ ಈ ಗಂಟು ಬಿಡಿಸುವುದು ಸುಲಭವಾಗಲಿಲ್ಲ.

ನಮ್ಮಲ್ಲಿ ಗಂಟು ನ್ಯಾಯಾಲಯಕ್ಕೂ ಹೋಯಿತು. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆ ಪಡೆದ ನಿವೃತ್ತ ಅಧಿಕಾರಿ ಶಿವಕಾಂತ ಝಾ ಅವರ ಪ್ರಕರಣದಲ್ಲಿ, 2018ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಒಂದು ಮಾತು ಸ್ಪಷ್ಟಪಡಿಸಿತು. ಆಸ್ಪತ್ರೆಯ ಹೆಸರು ಪಟ್ಟಿಯಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ನಿವೃತ್ತರ ವೈದ್ಯಕೀಯ ವೆಚ್ಚವನ್ನು ನಿರಾಕರಿಸುವಂತಿಲ್ಲ. ತುರ್ತಿನಲ್ಲಿ ಹಣ ಕಟ್ಟಿದವರು ಬಿಲ್ಲು, ಡಿಸ್ಚಾರ್ಜ್ ಕಾಗದ ಜೋಪಾನ ಮಾಡಿಟ್ಟುಕೊಳ್ಳಿ.

ಈಗ ಇನ್ನೊಂದು ಬಾಗಿಲು ತೆರೆದಿದೆ. 2024ರ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು 70 ತುಂಬಿದ ಎಲ್ಲರಿಗೂ, ಆದಾಯ ನೋಡದೆ, ವಿಸ್ತರಿಸಿದರು. ವರ್ಷಕ್ಕೆ 5 ಲಕ್ಷ ರೂಪಾಯಿ ತನಕ. ಸಿಜಿಎಚ್‌ಎಸ್ ಕಾರ್ಡು ಇರುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅವಸರ ಬೇಡ, ಯೋಚಿಸಿ ಆರಿಸಿ. ಅಲ್ಲೂ ಹಳೆಯ ಪ್ರಶ್ನೆಯೇ ಇದೆ. 2025ರ ಆಗಸ್ಟ್‌ನಲ್ಲಿ ಹರಿಯಾಣದ ಖಾಸಗಿ ಆಸ್ಪತ್ರೆಗಳು ಬಾಕಿ ಹಣಕ್ಕಾಗಿ ಈ ಯೋಜನೆಯ ಸೇವೆಯನ್ನು ನಿಲ್ಲಿಸಿದ್ದವು. ಕಾರ್ಡಿನ ಮೇಲೆ 5 ಲಕ್ಷ ಎಂದು ಬರೆದಿದ್ದರೆ ಸಾಲದು, ಆ ಹಣ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ತಲುಪಬೇಕು.

ಈ ಎಪ್ಪತ್ತು ವರ್ಷದ ಇತಿಹಾಸದಿಂದ ನನಗೆ ಅನಿಸುವುದು ಇಷ್ಟೇ. ಹಿರಿಯರ ಸೌಲಭ್ಯ ರದ್ದಾಯಿತು ಎಂಬ ಆದೇಶ ಎಲ್ಲೂ ಹೊರಟಿಲ್ಲ. ಹೊರಟಿದ್ದರೆ ಗಲಾಟೆಯಾಗುತ್ತಿತ್ತು, ಪತ್ರಿಕೆಯಲ್ಲಿ ಬರುತ್ತಿತ್ತು. ದರವನ್ನು ತಿದ್ದದೆ ಸುಮ್ಮನೆ ಕೂತರೆ ಸಾಕು, ಅದೇ ಕೆಲಸ ಸದ್ದಿಲ್ಲದೆ ಆಗುತ್ತದೆ. 2025ರ ಹೊಸ ದರ ಒಳ್ಳೆಯದೇ. ಆದರೆ ಮುಂದಿನ ಪರಿಷ್ಕರಣೆಗೂ ಹನ್ನೊಂದು ವರ್ಷ ಕಾಯಿಸಿದರೆ ಕೌಂಟರಿನ ಹುಡುಗಿಯ ಮಾತು ಮತ್ತೆ ಅದೇ ಆಗುತ್ತದೆ. ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ ಲೆಕ್ಕಕ್ಕೆ ಬರುವಾಗ, ಆಸ್ಪತ್ರೆಯ ದರವೇಕೆ ಹಾಗೆ ಬರಬಾರದು? ನಿಮ್ಮ ಪಿಂಚಣಿದಾರರ ಸಂಘದ ಮುಂದಿನ ಸಭೆಯಲ್ಲಿ ಇದನ್ನು ಕೇಳಿ ನೋಡಿ.

ಅಂದಹಾಗೆ, ಮಾಮಾ ಅಂದು ಮಗಳ ಹಣದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಈಗ ಆರಾಮಾಗಿದ್ದಾರೆ. ಕಾರ್ಡು ಇನ್ನೂ ಪರ್ಸಿನಲ್ಲೇ ಇದೆ.